ಗಾಳಿಯತ್ತ ತಿರುಗಿಸಿದ ಚಕ್ರ

ನಿಜಾಮಶಾಹಿ ಮುಗಿದ ಹೊಸತರಲ್ಲಿ ನಾನು ರಾವೂರಿನ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದೆ. ಖಣಿಯ ನೀರೆತ್ತಲು ಅಲ್ಲೊಂದು ಗಾಳಿಯಂತ್ರವಿತ್ತು. ಚಕ್ರ ಹೊತ್ತ ಅದರ ತಲೆ ಗಾಳಿ ಬಂದತ್ತ ತಾನೇ ತಿರುಗಬೇಕು. ಆದರೆ ತಲೆ ಕೂತು ತಿರುಗುವ ಕಬ್ಬಿಣದ ಬಳೆ ತುಕ್ಕು ಹಿಡಿದು, ಹಿಂದಿನ ಬಾಲದ ತಗಡಿಗೆ ಅದನ್ನು ಹೊರಳಿಸುವ ಕಸುವಿರಲಿಲ್ಲ. ಚಕ್ರ ನಿಂತರೆ ನೀರು ಏರುತ್ತಿತ್ತು. ಕಲ್ಲು ಕಡಿಯುವವರು ದಂಡೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು.

ನನ್ನ ಸೋದರಮಾವ ವಾಡಿಯ ರೈಲು ಇಂಜಿನ್ ಶೆಡ್ಡಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಅವರನ್ನು ನಾನೇ ಕರೆತಂದೆ. ಮೇಲೆ ಹತ್ತಿ ನೋಡಿ ಇಳಿದು ಬಂದು, "ಎಣ್ಣಿ ಒತ್ತಡದಿಂದ ತಿರುಗಸಬಹುದು ಅಳಿಯಾ" ಎಂದರು.

ಎಣ್ಣೆ ತುಂಬಿ ಒತ್ತಿದರೆ ಸರಳು ಚಾಚಿ ಭಾರ ತಳ್ಳುವ ಹಳೆಯ ಜ್ಯಾಕೊಂದನ್ನು ಬಳೆಯ ಪಕ್ಕಕ್ಕೆ ಅಡ್ಡ ಕೂಡಿಸಿ, ತಾಮ್ರದ ನಳಿಗೆ ಕೆಳತನಕ ಇಳಿಸಿದರು. ನಾನು ಕೆಳಗೆ ನಿಂತು ಹಿಡಿಕೆ ಒತ್ತಿದರೆ ಮೇಲೆ ತಲೆ ನಿಧಾನವಾಗಿ ಹೊರಳಿ, ಎಣ್ಣೆಯ ಬಿಗಿಗೆ ಅಲ್ಲೇ ನಿಲ್ಲುತ್ತಿತ್ತು. ಒಂಬತ್ತು ದಿನ ನೀರು ಇಳಿಯಿತು. ಮಾವ ಮುಗುಳ್ನಕ್ಕಿದ್ದನ್ನು ನಾನು ಕಂಡದ್ದು ಆ ದಿನಗಳಲ್ಲೇ.

ಹತ್ತನೆಯ ದಿನ ಮಧ್ಯಾಹ್ನ ಬಿರುಗಾಳಿ ಎದ್ದಿತು. ಎಣ್ಣೆಯ ಬಿಗಿ ಬಿಡದಿದ್ದರೆ ಗಾಳಿ ಅಡ್ಡ ಹೊಡೆದು ಕಂಬವೇ ಬಾಗುವಂತಿತ್ತು. ಅದಕ್ಕೂ ಮೊದಲು, ಬಳೆಗೆ ಸಿಕ್ಕಿಕೊಂಡ ಜ್ಯಾಕಿನ ಸರಳನ್ನು ತೆಗೆಯಲು ಮಾವ ಮೇಲೆ ಹತ್ತಿದರು.

"ನಾ ಹೇಳೋತನಾ ಎಣ್ಣಿ ಬಿಡಬ್ಯಾಡ."

"ಹೂನ್ರಿ ಮಾಮಾ."

ಗಾಳಿಯಲ್ಲಿ ಏನೋ ಕೂಗು ಕೇಳಿತು. 'ಬಿಡು' ಎಂದಂತಾಯಿತು. ನಾನು ಎಣ್ಣೆ ಬಿಡುವ ಕೀಲಿ ತಿರುವಿದೆ. ತಲೆ ಒಮ್ಮೆಲೇ ಹೊರಳಿತು. ಅವರ ಬಲಗೈ ಬಳೆಯಲ್ಲಿ ಸಿಕ್ಕಿತ್ತು.

ನಾಲ್ಕು ಮಂದಿ ಸೇರಿ ಇಳಿಸಿದೆವು. ವಾಡಿಯ ದವಾಖಾನೆಗೆ ಬಂಡಿಯಲ್ಲಿ ಹೋಗುವಾಗ ಕೇಳಿದೆ, "ನೀವು ಕೂಗಿದ್ದೇನ್ರಿ?"

"'ತಡಿ' ಅಂದಿದ್ದೆ. ಇರ್ಲಿ, ಗಾಳ್ಯಾಗ ಹೆಂಗ ಕೇಳಬೇಕು."

ಮೂರು ಬೆರಳು ಹೋದವು. ಖಣಿಯ ಮಾಲೀಕರು ಗಾಳಿಯಂತ್ರ ಬಿಚ್ಚಿಸಿ, ನೀರೆತ್ತಲು ಡೀಸೆಲ್ ಎಣ್ಣೆಯ ಇಂಜಿನ್ ತಂದರು. ನೋಡಿಕೊಳ್ಳಲು ನನ್ನನ್ನೇ ಇಟ್ಟರು. ನಾನು ಒಲ್ಲೆ ಎನ್ನಲಿಲ್ಲ.

ಮಾವ ಕುಂಚಾವರಂ ಕಡೆ ಮಗಳ ಮನೆಗೆ ಹೋದರು. ಎರಡು ವರ್ಷದ ಮೇಲೆ ನೋಡಲು ಹೋದಾಗ ಬಲಗೈಯನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಕೊಂಡೇ ಮಾತಾಡಿದರು.

"ಇಂಜಿನ್ ಛಲೋ ನಡದದ ಏನು?"

"ನಡದದ್ರಿ."

ಅವರ ಮಗಳು ಅನ್ನ ಕಲಸಿ, ಅಪ್ಪನ ಎಡಗೈಗೆ ಸಿಗುವಂತೆ ತಟ್ಟೆ ಎಡಗಡೆ ಇಟ್ಟಳು. ನನ್ನ ತಟ್ಟೆಯನ್ನು ನಾನು ಅರ್ಧಕ್ಕೇ ಸರಿಸಿದೆ.