ಅಂಚಿನಲ್ಲಿ ಬರೆದದ್ದು

ಫೋಟೋ ಫ್ರೇಮ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು, ಮೌಂಟ್ ಬೋರ್ಡ್, ಕತ್ತರಿಸುತ್ತಿದ್ದವಳನ್ನು ಊರೆಲ್ಲ ಅಕ್ಕ ಎಂದೇ ಕರೆಯುತ್ತಿತ್ತು. ನಿಜವಾಗಿ ಹಾಗೆ ಕರೆಯಬೇಕಾದವನು ಒಬ್ಬನೇ, ಅವಳು ಎತ್ತಿ ಆಡಿಸಿ ಬೆಳೆಸಿದ ತಮ್ಮ. ಅವನೀಗ ಯುದ್ಧದಲ್ಲಿದ್ದ. ಅವಳಿಗೆ ಬರೆಯುವ ಕಾಗದದಲ್ಲಿ ‘ಚೆನ್ನಾಗಿದ್ದೇನೆ’ ಎನ್ನುವುದು ಬಿಟ್ಟು ಬೇರೆ ಸುದ್ದಿ ಇರುತ್ತಿರಲಿಲ್ಲ.

ಊರಿನಲ್ಲಿ ಯೋಧರ ಹಿತೈಷಿಗಳ ಸಂಘವೊಂದು ಹುಟ್ಟಿಕೊಂಡಿತ್ತು. ಮರದ ಮಿಲ್ಲಿನ ಯಜಮಾನರೇ ಅಧ್ಯಕ್ಷರು. ಸೈನಿಕರಿಗೆ ಬರೆಯುವ ಕಷ್ಟ ಬೇಡವೆಂದು ಅವರ ಉತ್ತರವನ್ನೂ ಇವರೇ ಕಾರ್ಡುಗಳ ಮೇಲೆ ಅಚ್ಚು ಹಾಕಿಸಿದ್ದರು: ‘ತಾವು ಕಳಿಸಿದ್ದು ತಲುಪಿತು. ತಮ್ಮ ಪ್ರೀತಿಗೆ ಚಿರಋಣಿ.’ ಸಹಿ ಹಾಕಿದರೆ ಮುಗಿಯಿತು. ಇವರ ಉತ್ಸಾಹ ಎಷ್ಟೆಂದರೆ ಕಾರ್ಡುಗಳೇ ಮೊದಲು ಹೊರಟವು. ಹೆಂಗಸರು ಹೆಣೆದ ಉಣ್ಣೆಯ ಕಾಲುಚೀಲಗಳು ಸಂಘದ ಬೀರುವಿನಲ್ಲೇ ಉಳಿದವು. ಮುಖ್ಯ ಅತಿಥಿಗಳು ಬಂದು ಮುಟ್ಟಿ, ಫೋಟೋ ತೆಗೆಸಿಕೊಳ್ಳುವ ತನಕ ಅವು ಊರು ಬಿಡುವಂತಿರಲಿಲ್ಲ.

ಕೃತಜ್ಞತೆ ಮಾತ್ರ ಹೊತ್ತಿಗೆ ಸರಿಯಾಗಿ ಬಂತು. ಅಧ್ಯಕ್ಷರು ಅವಳ ತಮ್ಮನ ಕಾರ್ಡು ಹಿಡಿದು ಅಂಗಡಿಗೆ ಬಂದರು.

“ನಿನ್ನ ತಮ್ಮಂದೇ ಅಮ್ಮಾ. ಒಳ್ಳೇ ಫ್ರೇಮ್ ಹಾಕು. ಅಂಚಲ್ಲಿ ಏನೋ ಗೀಚಿದಾನೆ, ಗಲೀಜು. ಮುಚ್ಚಿಬಿಡು.”

ಅಕ್ಕ ಕಾರ್ಡನ್ನು ತಿರುಗಿಸುತ್ತಾ ಓದಿದಳು. ಪೆನ್ಸಿಲ್ಲಿನ ಅಕ್ಷರಗಳು ನಾಲ್ಕೂ ಅಂಚನ್ನು ಸುತ್ತಿದ್ದವು: ‘ಏನೂ ತಲುಪಿಲ್ಲ. ನೀರಲ್ಲಿ ನಿಂತು ನಿಂತು ಕಾಲ್ಬೆರಳು ಕೊಳೆಯುತ್ತಿವೆ. ಒಣ ಕಾಲುಚೀಲ ಬೇಗ ಕಳಿಸಿ. ಅಕ್ಕನಿಗೆ ಹೇಳಬೇಡಿ.’

“ಯಜಮಾನ್ರೇ, ಇದನ್ನ ಓದಿದ್ರಾ?”

“ಓದ್ದೆ. ಈ ಹುಡುಗರಿಗೆ ಗೋಳು ಸ್ವಲ್ಪ ಜಾಸ್ತಿ.”

“ಇವತ್ತೇ ಕಳಿಸಿ.”

“ಅತಿಥಿಗಳು ಮುಂದಿನ ತಿಂಗಳು ಬರ್ತಾರಲ್ಲಮ್ಮಾ. ಖಾಲಿ ಮೇಜಿನ ಮುಂದೆ ನಿಲ್ಸಿ ಫೋಟೋ ತೆಗೆಸ್ಲಾ?”

ಅವರು ಹೋದ ಮೇಲೆ ಅಕ್ಕ ಕಾರ್ಡನ್ನು ಮೇಜಿನ ಮೇಲಿಟ್ಟು ಅಳೆದಳು. ಆಮೇಲೆ ಬೋರ್ಡಿನ ತುಂಡೊಂದನ್ನು ಅಳತೆಗೆ ಕತ್ತರಿಸಿ, ನಡುವಿನ ಅಚ್ಚಿನ ಸಾಲುಗಳನ್ನು ಮುಚ್ಚಿದಳು. ಅಂಚನ್ನಷ್ಟೇ ಬಿಟ್ಟು, ಗಾಜು ಕೂರಿಸಿ, ಫ್ರೇಮನ್ನು ಬೀದಿಗೆ ಕಾಣುವಂತೆ ಅಂಗಡಿಯ ಮುಂದೆ ನಿಲ್ಲಿಸಿದಳು.

ಕಾಲುಚೀಲ ಹೆಣೆದವರಲ್ಲಿ ಹಿರಿಯಳಾದ ನರ್ಸಮ್ಮ ಮೊದಲು ಓದಿದಳು. ಮಧ್ಯಾಹ್ನದೊಳಗೆ ಹತ್ತು ಹೆಂಗಸರು ಸಂಘದ ಬಾಗಿಲಲ್ಲಿ ಅಧ್ಯಕ್ಷರ ಮುಂದೆ ನಿಂತಿದ್ದರು.

“ಬೀರುವಿಗೆ ಚಳಿ ಆಗುತ್ತೆ ಅಂತ ಹೆಣೆದ್ವಾ ನಾವು? ಬೀಗದಕೈ ಕೊಡ್ರೀ!”

“ಫೋಟೋ ಆಗಿಲ್ಲ ತಾಯಂದಿರಾ...”

“ನಿಮ್ಮ ಕಾಲುಚೀಲ ಬಿಚ್ಚಿ ಮೇಜಿನ ಮೇಲಿಡಿ. ಅದರದೇ ತೆಗೆಸ್ಕೊಳ್ಳಿ.”

ಸಂಜೆಯ ಟಪಾಲಿಗೆ ಕಾಲುಚೀಲದ ಎಲ್ಲ ಗಂಟುಗಳೂ ಹೊರಟವು.

ಮೂರು ವಾರದ ನಂತರ ತಮ್ಮನ ಕಾಗದ ನೇರ ಅಕ್ಕನಿಗೇ ಬಂತು. ‘ಎರಡು ಬೆರಳು ತೆಗೆದರು ಅಕ್ಕಾ. ಉಳಿದ ಎಂಟು ಬೆಚ್ಚಗಿವೆ.’

ಮುಖ್ಯ ಅತಿಥಿಗಳು ಬರುವ ಸಮಾರಂಭದಲ್ಲಿ ಓದಲೆಂದು ಅಧ್ಯಕ್ಷರು ಅದನ್ನು ಕೇಳಿ ಕಳಿಸಿದರು. ಅಕ್ಕ ಕೊಡಲಿಲ್ಲ.