ಶ್ರಾವಣ ಸೋಮವಾರದ ರಕ್ತ

ಪ್ರಯೋಗಾಲಯದಲ್ಲಿ ನನಗೆ ಎರಡು ಕೆಲಸಗಳಿದ್ದವು. ಸಂಬಳದ್ದು, ಪಿಎಚ್‌ಡಿ ಆದ ಮೇಲಿನ ಎರಡು ವರ್ಷದ ಸಂಶೋಧನಾ ತರಬೇತಿ. ಪುಕ್ಕಟೆಯದ್ದು, ಯಜಮಾನರ ಮಿಮಿಕ್ರಿ. ಯಜಮಾನರೆಂದರೆ ನಮ್ಮ ಲ್ಯಾಬಿನ ಮುಖ್ಯಸ್ಥರು. ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಾ "ಹ್ಮ್... ಇಂಟರೆಸ್ಟಿಂಗ್" ಎಂದರೆ ಆ ಪ್ರಯೋಗ ಸತ್ತಿತೆಂದೇ ಲೆಕ್ಕ. "ಇದನ್ನ ಬರೆಯೋಣ" ಎಂದರೆ ಬದುಕಿತು. ನನ್ನ ಕೈಯಲ್ಲಿದ್ದ ಪ್ರಯೋಗ ಪ್ರಬಂಧವಾದರೆ ಮಾತ್ರ ನನಗೆ ಮೂರನೆಯ ವರ್ಷ ಸಿಗುತ್ತದೆ ಎಂದು ಮೊದಲೇ ಹೇಳಿದ್ದರು.

ನಮ್ಮ ಕೆಲಸ ರಕ್ತದಲ್ಲಿನ ರೋಗನಿರೋಧಕ ಕೋಶಗಳೊಳಗಿನ ಮೈಟೊಕಾಂಡ್ರಿಯಗಳ ಮೇಲೆ. ಅವು ಕೋಶದ ಒಲೆಗಳು. ಎಷ್ಟು ಆಮ್ಲಜನಕ ಉರಿಸುತ್ತವೆ ಎಂಬುದನ್ನು ಯಂತ್ರವೊಂದು ಅಳೆಯುತ್ತದೆ. ಪೇಟೆಯವರ ರಕ್ತವನ್ನೂ ಹಳ್ಳಿಯವರ ರಕ್ತವನ್ನೂ ಹೋಲಿಸಬೇಕಿತ್ತು. ಪೇಟೆಯವರೆಂದರೆ ಕ್ಯಾಂಟೀನಿನ ಮಸಾಲೆದೋಸೆ ಮುಗಿಸಿ ತೋಳು ಚಾಚುವ ನಮ್ಮ ಲ್ಯಾಬಿನವರೇ. ಹಳ್ಳಿ ಯಾರದ್ದಿದೆ ಎಂದಾಗ ನಾನು ಕೈ ಎತ್ತಿದೆ. ಕೊಳಾಲದ ಪಕ್ಕ ನನ್ನ ದೊಡ್ಡಮ್ಮನ ಊರು, ಬೀದಿ ತುಂಬ ನೆಂಟರು.

ಜೀಪು ಸೋಮವಾರ ಮಾತ್ರ ಬಿಡುವಾಗಿರುತ್ತಿತ್ತು. ಆ ತಿಂಗಳ ನಾಲ್ಕು ಸೋಮವಾರ ಡ್ರೈವರ್, ರಕ್ತ ತೆಗೆಯುವ ಸಿಸ್ಟರ್, ನಾನು ಹೋದೆವು. ಒಪ್ಪಿಗೆ ಪತ್ರ ಓದಿ ಹೇಳಿ, ಸಹಿ ಹಾಕಿಸಿಕೊಂಡು, ಎಲ್ಲರನ್ನೂ ಕೇಳಿದೆ: "ಊಟ ಆಯ್ತಾ?"

"ಓ, ಆಯ್ತು ಕಣಪ್ಪ."

ಕೊನೆಯ ಊಟದ ಸಮಯ ಎಂಬ ಕಾಲಮಿನಲ್ಲಿ ಎಲ್ಲರಿಗೂ ಬೆಳಿಗ್ಗೆ ಎಂಟು ಎಂದು ಬರೆದೆ. ಎಷ್ಟು ಗಂಟೆಗೆ ಎಂದು ಒಬ್ಬರನ್ನೂ ಕೇಳಲಿಲ್ಲ. ಆಮೇಲೆ ದೊಡ್ಡಮ್ಮ ಬಡಿಸಿದ ಚಿತ್ರಾನ್ನವನ್ನು ಮೂವರೂ ಚಪ್ಪರಿಸಿಕೊಂಡು ತಿಂದೆವು. ನಾನಂತೂ ಎರಡು ಸಲ ಹಾಕಿಸಿಕೊಂಡು, ತಿನ್ನುತ್ತಲೇ ಯಜಮಾನರ ಕನ್ನಡಕ ಒರೆಸಿ ತೋರಿಸಿದೆ. ಬೀದಿಯವರೆಲ್ಲ ಬಿದ್ದು ಬಿದ್ದು ನಕ್ಕರು. ನಮ್ಮ ಜೊತೆ ಒಬ್ಬರೂ ತಟ್ಟೆ ಇಟ್ಟುಕೊಂಡಿರಲಿಲ್ಲ. ಊರವರ ಕೆಮ್ಮನ್ನೂ ಬಿಡದೆ ಅಣಕಿಸುವ ನನ್ನ ಕಣ್ಣಿಗೆ ಅದು ಬೀಳಲೇ ಇಲ್ಲ.

ಫಲಿತಾಂಶ ಬಂತು. ಹಳ್ಳಿಯವರ ಕೋಶಗಳು ಪೇಟೆಯವರದ್ದಕ್ಕಿಂತ ಸ್ಪಷ್ಟವಾಗಿ ಕಡಿಮೆ ಆಮ್ಲಜನಕ ಉರಿಸುತ್ತಿದ್ದವು. ಯಜಮಾನರ ಕನ್ನಡಕ ಮೂಗಿನ ಮೇಲೇ ಉಳಿಯಿತು. "ಇದನ್ನ ಬರೆಯೋಣ."

ದೀಪಾವಳಿಗೆ ಊರಿಗೆ ಹೋದೆ. ದೊಡ್ಡಮ್ಮ ಪಕ್ಕದ ಮನೆಯವರ ಮುಂದೆ ನನ್ನ ಮೇಲಿನ ಉಪಕಾರವನ್ನು ಬಣ್ಣಿಸುತ್ತಿದ್ದಳು. "ಶ್ರಾವಣ ಸ್ವಾಮಾರ, ಒಪ್ಪೊತ್ತು. ಅಂಗಿದ್ರೂವೆ ರಕ್ತ ಕೊಟ್ಟಿವ್ನಿ ಇವ್ನಿಗೆ!"

ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. "ದೊಡ್ಡಮ್ಮ, ಆವತ್ತು ಉಂಡಿರ್ಲಿಲ್ವಾ ನೀನು?"

"ಸಂಜೆ ಪೂಜೆ ಆಗೋಗಂಟ ಯಾರ್ಲಾ ಉಣ್ತಾರೆ? ಇಡೀ ಬೀದಿನೇ ಒಪ್ಪೊತ್ತು."

"ಆಯ್ತು ಅಂದ್ಯಲ್ಲ!"

"ಇನ್ನೇನನ್ಲಿ? ಇಲ್ಲ ಅಂದಿದ್ರೆ ಆ ಡ್ರೈವರಪ್ಪ, ಸಿಸ್ಟ್ರಮ್ಮ ಸಂಕೋಚಕ್ಕೆ ಉಣ್ದಂಗೇ ಹೊಂಟೋಗೋರು. ಮನೆಗೆ ಬಂದೋರ್ನ ಅಂಗೆ ಕಳ್ಸಕಾಯ್ತದಾ? ಪಿಎಚ್‌ಡಿ ಓದವ್ನೆ, ಇಷ್ಟೂ ಗೊತ್ತಾಗಾಕಿಲ್ವೇನ್ಲಾ?"

ಗೊತ್ತಾಗಿರಲಿಲ್ಲ. ಹಳ್ಳಿಗೂ ಪೇಟೆಗೂ ನಾನು ಕಂಡುಹಿಡಿದಿದ್ದ ವ್ಯತ್ಯಾಸ ಬಹುಶಃ ಖಾಲಿ ಹೊಟ್ಟೆಗೂ ಮಸಾಲೆದೋಸೆಗೂ ಇರುವ ವ್ಯತ್ಯಾಸವಾಗಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ವಾರ ಸುಮ್ಮನೇ ಇದ್ದೆ, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಹೋಗಿ ಯಜಮಾನರಿಗೆ ಒಪ್ಪಿಸಿದೆ.

"ನಿಮ್ಮೂರ ಉಪವಾಸ ನಿಮಗೇ ಗೊತ್ತಿಲ್ವೇನ್ರೀ?" ಎಂದರು.

ಹಟ ಹಿಡಿದು ಬುಧವಾರಗಳಂದು ಜೀಪು ಕೊಡಿಸಿಕೊಂಡು, ಎಲ್ಲರಿಗೂ ಎದುರಿಗೇ ಕೂತು ತಿಂಡಿ ತಿನ್ನಿಸಿ, ಮತ್ತೆ ರಕ್ತ ತಂದೆ. ವ್ಯತ್ಯಾಸ ಮಾಯವಾಗಿತ್ತು. ಯಜಮಾನರು ಕನ್ನಡಕ ತೆಗೆದು ಒರೆಸಿದರು. ಒಂದು ತಿಂಗಳ ನಂತರ ಮತ್ತೆ ಕರೆದರು. "ಉಪವಾಸವೇ ಒಂದು ಒಳ್ಳೆ ಪ್ರಶ್ನೆ ಅಲ್ವಾ? ಹೊಸದಾಗಿ ಬಂದಿರೋ ಹುಡುಗಿ ಮಾಡ್ತಾಳೆ. ನಿಮ್ಮ ಅವಧಿ ಹೇಗೂ ಮುಗೀತಾ ಬಂತು. ಹೋಗೋ ಮುಂಚೆ ಅವಳಿಗೆ ಆ ಊರನ್ನ ಪರಿಚಯ ಮಾಡಿಸಿಬಿಡಿ."

ಆ ಮಾತನ್ನು ನಾನು ಇವತ್ತಿಗೂ ಯಾರ ಮುಂದೆಯೂ ಅಣಕಿಸಿಲ್ಲ. ಪ್ರಯತ್ನಿಸಿದ್ದೆ, ನಗು ಬರುವಂತೆ ಬರುವುದಿಲ್ಲ.

ಕೊನೆಯ ವಾರ ಅವಳನ್ನು ಕರೆದುಕೊಂಡು ಹೋದೆ. ಹೊಸ ಫಾರಂನ ಪ್ರಶ್ನೆಯನ್ನು ನಾನೇ ಬರೆದುಕೊಟ್ಟಿದ್ದೆ. ಅವಳು ಓದಿದಳು: "ಕೊನೆಯದಾಗಿ ಏನು ತಿಂದಿರಿ? ಎಷ್ಟು ಗಂಟೆಗೆ?"

ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ಇದೇನ್ಲಾ, ಪೊಲೀಸ್ನೋರಂಗೆ ಕೇಳ್ತದೆ ಈ ಮಗ?"

"ಇನ್ಮೇಲೆ ಇವ್ರೇ ಬರೋದು ದೊಡ್ಡಮ್ಮ."

"ನೀನು? ಬ್ಯಾರೆ ಕಡೆ ಕೆಲ್ಸ ಸಿಕ್ತಾ?"

ಒಳಗೆ ಚಿತ್ರಾನ್ನದ ಒಗ್ಗರಣೆ ಸಿಡಿಯುತ್ತಿತ್ತು. ಇಲ್ಲ ಎಂದಿದ್ದರೆ ಅವತ್ತು ಆ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ.

"ಓ, ಸಿಕ್ತು ಕಣಮ್ಮ," ಎಂದೆ.

ಎಲ್ಲಿ, ಯಾವತ್ತಿನಿಂದ ಎಂದು ಅವಳು ಕೇಳಲಿಲ್ಲ. ತಟ್ಟೆ ಹಾಕಿದಳು.