ಟೀಚರು ಕೇಳಿದ ಫಿರಂಗಿ

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ವೇಣೂರಿನಲ್ಲಿ ಬಸ್ಸಿಳಿದು ಗದ್ದೆಯ ಬದುವಿನಲ್ಲೇ ನಡೆದು ಬರಬೇಕಾದ ನಮ್ಮ ಊರಿನ ಶಾಲೆಯಲ್ಲಿ ಆಗ ಯಾವ ಮಾಸ್ತರರೂ ನಿಲ್ಲುತ್ತಿರಲಿಲ್ಲ. ಮಳೆಗಾಲ ನೋಡಿದ ಮೇಲೆ ಒಬ್ಬೊಬ್ಬರೇ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಶಾಲೆಗೆ ಬೀಗ ಬಿದ್ದಾಗ ನಮಗೆ ಕುಂಟಾಬಿಲ್ಲೆಯ ಸಂಭ್ರಮ. ಆದರೆ ಅದು ಮುಚ್ಚಿಯೇ ಹೋದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ಹುಡುಗಿಯನ್ನು ಹೊಳೆ ದಾಟಿಸಿ ದೂರದ ಶಾಲೆಗೆ ಕಳಿಸುವ ಮಾತೇ ನಮ್ಮ ಮನೆಯಲ್ಲಿ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಮಂಡ್ಯದ ಕಡೆಯಿಂದ ಸರೋಜಮ್ಮ ಟೀಚರು ಬಂದರು. ನಮ್ಮ ಮನೆಯ ಪಕ್ಕದ ಕೋಣೆಯಲ್ಲಿ ಅವರ ಬಿಡಾರ. ತುಳು ಒಂದಕ್ಷರ ಬಾರದು. ನಮ್ಮ ಪುಸ್ತಕದ ಕನ್ನಡ ಕೇಳಿದರೆ ಅವರಿಗೆ ನಗು ಬರಬೇಕಿತ್ತು, ಬರುತ್ತಿರಲಿಲ್ಲ. ಅಮ್ಮ ಪ್ರೀತಿಯಿಂದ ಬಡಿಸಿದ ಕುಚ್ಚಲಕ್ಕಿ ಗಂಜಿ ಅವರ ಹೊಟ್ಟೆಗೆ ಒಗ್ಗಲಿಲ್ಲ. ಬೇಸಿಗೆ ರಜೆಗೆ ಹೋದರೆ ತಾನು ಮತ್ತೆ ಬರುವುದು ಸಂಶಯ ಎಂದು ಒಮ್ಮೆ ಅಮ್ಮನಲ್ಲಿ ಹೇಳಿದ್ದರು. ಅದನ್ನು ಕೇಳಿಸಿಕೊಂಡ ನನಗೆ ಅಂದು ಊಟ ಸೇರಲಿಲ್ಲ.

ಜನವರಿ ತಿಂಗಳು. ಬಾವುಟ ಏರಿಸುವ ದಿನ ಹತ್ತಿರ ಬಂದಿತ್ತು. ಒಂದು ಸಂಜೆ ಟೀಚರು ಹೊಟ್ಟೆ ಒತ್ತಿ ಹಿಡಿದು ಜಗಲಿಯಲ್ಲಿ ಕೂತಿದ್ದವರು ನನ್ನನ್ನು ಕರೆದು ಮೆಲ್ಲಗೆ ಕೇಳಿದರು: “ಇಲ್ಲಿ ಯಾರ ಮನೇಲಾದ್ರೂ ಪರಂಗಿ ಇದೆಯೇನಮ್ಮ? ಸಿಕ್ಕಿದ್ರೆ ಒಂದು ತಂದ್ಕೊಡ್ತೀಯಾ?”

ಕೋಟೆ, ಮುತ್ತಿಗೆ, ಫಿರಂಗಿ ಎಲ್ಲ ಆ ವಾರವಷ್ಟೇ ಪಾಠದಲ್ಲಿ ಬಂದಿದ್ದವು. ಫಿರಂಗಿ ನಮ್ಮ ಬಾಯಲ್ಲಿ ಪಿರಂಗಿಯಾಗಿತ್ತು. ನಾನು ಒಂದೇ ಉಸಿರಿಗೆ ಓಡಿ, ಟೀಚರಿಗೆ ಪಿರಂಗಿ ಬೇಕಂತೆ ಎಂದು ದೊಡ್ಡಮಾವನಿಗೆ ಹೇಳಿದೆ. ಅಮ್ಮನ ಅಣ್ಣನಾದ ಅವರೇ, ತಾಯಿಯ ಕಡೆಯಿಂದ ವಂಶ ನಡೆಯುವ ನಮ್ಮ ಅಳಿಯಕಟ್ಟಿನ ಮನೆಯ ಯಜಮಾನರು. ಅವರಿಗೆ ಇದರಲ್ಲಿ ಆಶ್ಚರ್ಯದ್ದೇನೂ ಕಾಣಲಿಲ್ಲ.

“ಅರಮನೆಯಲ್ಲಿ ತೋಪು ಹಾರಿಸುವ ಸೀಮೆಯವರು ಅವರು. ಬಾವುಟಕ್ಕೆ ಬೇಕಾಗ್ತದೆ,” ಎಂದರು. “ಪಿರಂಗಿ ನಮ್ಮಲ್ಲಿ ಇಲ್ಲ. ಕದಿನ ಉಂಟಲ್ಲ?”

ಕದಿನವೆಂದರೆ ಮದ್ದು ಗಿಡಿದು ಸಿಡಿಸುವ, ಕಬ್ಬಿಣದ ದಪ್ಪ ಲೋಟದಂಥ ಸಾಧನ. ಊರ ಭೂತದ ನೇಮದ ದಿನ ಅದನ್ನು ಹೊಡೆಯುವವನು ಲಿಂಗಪ್ಪಣ್ಣ. ಮಾವ ಅವನಲ್ಲಿಗೆ ಆಳು ಕಳಿಸಿದರು. ಮರುದಿನ ಬೆಳಿಗ್ಗೆ ಲಿಂಗಪ್ಪಣ್ಣ ಗೋಣಿಯಲ್ಲಿ ಕದಿನ ಹೊತ್ತು ಮುಂದೆ, ಶಾಲು ಹೊದ್ದ ಮಾವ ಅವನ ಹಿಂದೆ, ನಾವು ಮಕ್ಕಳೆಲ್ಲ ಅವರ ಹಿಂದೆ. ಶಾಲೆಯ ಜಗಲಿಯಲ್ಲಿ ಗೋಣಿ ಬಿಚ್ಚಿದಾಗ ಹಳೆಯ ಮದ್ದಿನ ಖಾರ ವಾಸನೆ ಮೂಗಿಗೆ ಬಡಿಯಿತು.

“ನೀವು ಕೇಳಿದಷ್ಟು ದೊಡ್ಡದು ಅಲ್ಲ ಟೀಚರೇ,” ಎಂದರು ಮಾವ. “ಆದ್ರೆ ಶಬ್ದಕ್ಕೆ ಮೋಸ ಇಲ್ಲ.”

ಟೀಚರು ಕದಿನವನ್ನು ನೋಡಿದರು, ಮಾವನನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು. ವಿಷಯ ಹೊಳೆದದ್ದೇ ತಡ, ಬಾಗಿಲಿನ ದಾರಂದ ಹಿಡಿದುಕೊಂಡು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು. ಅವರು ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು.

“ನಾನು ಕೇಳಿದ್ದು ಹಣ್ಣು ಯಜಮಾನ್ರೇ,” ಎಂದರು, ಸೆರಗಿನಿಂದ ಕಣ್ಣೊರೆಸುತ್ತ. “ತಿನ್ನೋ ಹಣ್ಣು.”

ಬೋರ್ಡಿನ ಮೇಲೆ ಕೊಡೆಯಂಥ ಎಲೆಯ ಮರ ಬರೆದು, ಕುತ್ತಿಗೆಗೆ ಕಾಯಿ ತೂಗಿಸಿದರು. ಇಡೀ ತರಗತಿ ಒಟ್ಟಾಗಿ “ಬಪ್ಪಂಗಾಯಿ” ಎಂದಿತು. ನಮ್ಮಲ್ಲಿ ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಹುಟ್ಟಿ, ಕಾಗೆಗಳು ಕುಕ್ಕಿ ಮುಗಿಸುತ್ತಿದ್ದ ಪಪ್ಪಾಯಿ ಹಣ್ಣು!

ಅಂದು ಲೆಕ್ಕದ ಪಾಠ ಆಗಲಿಲ್ಲ. ಟೀಚರು ಶಬ್ದಗಳ ಕಥೆ ಹೇಳಿದರು. ಕಡಲಿನಾಚೆಯಿಂದ ಹಡಗಿನಲ್ಲಿ ಬಂದ ಬಿಳಿಯರನ್ನು ಹಿಂದಿನವರು ಫರಂಗಿಯವರು ಎನ್ನುತ್ತಿದ್ದರಂತೆ. ಅವರ ತೋಪಿಗೆ ಫಿರಂಗಿ ಎಂಬ ಹೆಸರು ಬಂತು, ಅವರು ತಂದ ಹಣ್ಣು ಪರಂಗಿಯಾಯಿತು. ಹಾಗಾದರೆ ತೋಪು ಎಲ್ಲಿಯದು ಎಂದು ಮಾವ, ಚಿಕ್ಕ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತವರು, ವಿದ್ಯಾರ್ಥಿಯಂತೆ ಕೇಳಿದರು. ಅದು ತುರ್ಕರ ಮಾತು, ತಮ್ಮ ಊರಿನ ಮಾವಿನ ತೋಪಿಗೂ ಅದಕ್ಕೂ ಸಂಬಂಧವಿಲ್ಲ ಎಂದರು ಟೀಚರು. ಒಂದೊಂದು ಮಾತಿನ ಬೆನ್ನಿಗೆ ಇಷ್ಟು ದೂರದ ದಾರಿ ಇದೆಯೆಂದು ನನಗೆ ಗೊತ್ತಾದದ್ದು ಅಂದೇ. ಆಮೇಲೆ ನಾನು ಕಂಡ ಕಂಡ ಶಬ್ದವನ್ನೆಲ್ಲ ಅದರ ಊರು ಕೇಳತೊಡಗಿದೆ.

ಮಾರನೆಯ ಬೆಳಿಗ್ಗೆ ಬರಿಗೈಯಲ್ಲಿ ಬಂದ ಮಗುವೇ ಇರಲಿಲ್ಲ. ಟೀಚರ ಮೇಜು, ಕುರ್ಚಿ, ಕಿಟಕಿ ಎಲ್ಲ ಬಪ್ಪಂಗಾಯಿಯಿಂದ ತುಂಬಿ, ಕೋಣೆಯೆಲ್ಲ ಹಣ್ಣಿನ ಸಿಹಿ ಗಮ್ಮೆಂದಿತು. ಅವರು ಹೋಳು ಮಾಡಿ, ಉಪ್ಪು ಮತ್ತು ಕಾಳುಮೆಣಸಿನ ಹುಡಿ ಉದುರಿಸಿ ಎಲ್ಲರಿಗೂ ಹಂಚಿದರು. ಕಾಗೆಯ ಹಣ್ಣು ಅಷ್ಟು ರುಚಿಯೆಂದು ನಮಗೆ ತಿಳಿದೇ ಇರಲಿಲ್ಲ.

ಬಂದ ಕದಿನವನ್ನು ಸುಮ್ಮನೆ ಹಿಂದೆ ಕಳಿಸಲು ಮಾವ ಒಪ್ಪಲಿಲ್ಲ. ಬಾವುಟ ಏರಿದ ಮೇಲೆ ನಮ್ಮನ್ನೆಲ್ಲ ದೂರ ನಿಲ್ಲಿಸಿ, ಲಿಂಗಪ್ಪಣ್ಣ ತುದಿಗೆ ಬೆಂಕಿ ಹಚ್ಚಿದ ಉದ್ದ ಕೋಲನ್ನು ಟೀಚರ ಕೈಗೇ ಕೊಟ್ಟ. ಅವರು ಸೆರಗು ಸಿಕ್ಕಿಸಿ, ಮುಖ ಅತ್ತ ತಿರುಗಿಸಿ, ಕೋಲು ಚಾಚಿದರು. ಶಾಲೆಯ ಹಂಚು ನಡುಗಿತು. ಹೊಗೆಯೊಳಗಿಂದ ಹೊರಬಂದ ಅವರ ಮುಖ ಮಸಿ ಮಸಿ, ನಗು ಮಾತ್ರ ಬೆಳ್ಳಗೆ.

ರಜೆಗೆ ಹೋದ ಟೀಚರು ಮೊದಲ ಮಳೆಗೆ ರಾಗಿಹಿಟ್ಟಿನ ಗಂಟಿನೊಂದಿಗೆ ತಿರುಗಿ ಬಂದರು. ನಾನು ಆ ಶಾಲೆ ಮುಗಿಸುವವರೆಗೂ ಅವರು ಬೇರೆ ಊರಿಗೆ ಹೋಗಲಿಲ್ಲ. ಮುಂದೆ ನನ್ನನ್ನು ಮೂಡುಬಿದಿರೆಯ ಹೈಸ್ಕೂಲಿಗೆ ಸೇರಿಸಲು ಮಾವನನ್ನು ಒಪ್ಪಿಸಿದವರೂ ಅವರೇ.

ಈಗ ಆ ಊರಿಗೆ ಡಾಂಬರು ರಸ್ತೆ ಇದೆ, ಮಂಡ್ಯದವರ ಮಾತು ಯಾರಿಗೂ ವಿಚಿತ್ರವಲ್ಲ. ಗೊತ್ತಿಲ್ಲದ ಶಬ್ದಕ್ಕೆ ಅಂಗೈಯಲ್ಲೇ ಅರ್ಥ ಸಿಗುತ್ತದೆ, ಅಷ್ಟು ಚಂದದ ತಪ್ಪು ಮಾಡಲು ಎಡೆಯೇ ಇಲ್ಲ. ಆದರೆ ಪರವೂರಿನ ಟೀಚರೊಬ್ಬರು ಬಾಯಿಬಿಟ್ಟು ಏನನ್ನೋ ಕೇಳಿದರೆಂದು, ಯಾಕೆ ಏನು ಎನ್ನದೆ ಫಿರಂಗಿಯನ್ನೇ ಹೊಂದಿಸಲು ಹೊರಡುವ ಊರು ಇನ್ನೆಲ್ಲಾದರೂ ಉಂಟೋ ಎಂದು ನಾನು ಆಗಾಗ ಯೋಚಿಸುತ್ತೇನೆ.